ಚಕ್ರದ ಎತ್ತರದ ಬೆಳಕು

ನಮ್ಮ ಬೀದಿ ಕೂಡುವ ಹೊತ್ತಿಗೆ ಬಟ್ಟೆ ಒಣಹಾಕಿದ ಹಗ್ಗಗಳೆಲ್ಲ ಸಡಿಲವಾಗುತ್ತವೆ. ಬೆಳಿಗ್ಗೆ ಈ ಮನೆಯ ಕಂಬದಿಂದ ಎದುರುಮನೆಯ ಕಂಬಕ್ಕೆ ಬಿಗಿಯಾಗಿ ಕಟ್ಟಿದ ಹಗ್ಗ ಹೊತ್ತು ಇಳಿದ ಮೇಲೆ ಜೋತುಬಿದ್ದು ನೆಲ ಮುಟ್ಟುತ್ತದೆ. ಆಗ ಹೆಂಗಸರು ಹೊರಗೆ ಬಂದು ಬಟ್ಟೆ ಎಳೆದುಕೊಳ್ಳುತ್ತಾರೆ, ಗಂಡಸರು ಮಂಚ ಒಳಗೆ ಹಾಕುತ್ತಾರೆ, ಮಕ್ಕಳು ಕುಂಟೆಬಿಲ್ಲೆ ಬಿಟ್ಟು ಜಗಲಿ ಹತ್ತುತ್ತಾರೆ. ನಾಯಿಗಳಿಗೆ ಯಾರೂ ಹೇಳಬೇಕಾಗಿಲ್ಲ. ಎರಡು ಸಾಲು ಮನೆಗಳೂ ಒಂದರ ಕಡೆಗೊಂದು ಸರಿಯುತ್ತವೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ. ದೀಪ ಹಚ್ಚುವಾಗ ಮೂವತ್ತು ಅಡಿ ಇದ್ದ ಬೀದಿ, ಊಟ ಮುಗಿಯುವಾಗ ಎಂಟು ಅಡಿಗೆ ಬಂದು ನಿಲ್ಲುತ್ತದೆ. ಬೆಳಗಿನ ಜಾವ ಮನೆಗಳು ಹಿಂದೆ ಸರಿದು ಬೀದಿ ಬಿಡುತ್ತದೆ. ಬೇರೆ ಊರಿನಿಂದ ಬಂದ ಸೊಸೆಯರು ಮೊದಲ ವಾರ ದೊಡ್ಡ ದೊಡ್ಡ ರಂಗೋಲಿ ಹಾಕುತ್ತಾರೆ. ಸಂಜೆ ಅದನ್ನು ಹೊಸ್ತಿಲು ನುಂಗುವುದು ನೋಡಿ, ಎರಡನೇ ವಾರಕ್ಕೆ ಚಿಕ್ಕದು ಹಾಕಲು ಕಲಿಯುತ್ತಾರೆ.

ಎಲ್ಲ ಮನೆಗಳೂ ಒಂದೇ ಸಮ ಬರುವುದಿಲ್ಲ. ನಮ್ಮ ಎದುರಿನ ಗಂಗಜ್ಜಿಯ ಮನೆ ಚಳಿಗಾಲದಲ್ಲಿ ಅರ್ಧ ಗೇಣು ಹೆಚ್ಚು ಮುಂದಕ್ಕೆ ಬರುತ್ತದೆ. ಬಳೆಗಾರರ ಮನೆಯ ಎಡಮೂಲೆ ಮಾತ್ರ ಬರುತ್ತದೆ, ಬಲಮೂಲೆ ಹಿಂದೆ ಉಳಿಯುತ್ತದೆ. ಮಗು ಹುಟ್ಟಿದ ಮನೆ ಹತ್ತು ದಿನ ಜಾಗ ಬಿಟ್ಟು ಅಲ್ಲಾಡುವುದಿಲ್ಲ. ಇದನ್ನೆಲ್ಲ ನಾನು ಶಾಲೆಯಲ್ಲಿ ಕಲಿಯಲಿಲ್ಲ. ಐದನೇ ಕ್ಲಾಸಿಗೇ ಶಾಲೆ ಬಿಟ್ಟೆ. ಮೇಷ್ಟ್ರು ನಿಲ್ಲಿಸಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ದನಿ ಗಂಟಲಲ್ಲೇ ಕೂತುಬಿಡುತ್ತಿತ್ತು. ಅಪ್ಪ, "ಬಿಡು ಹೊನ್ನಿ, ನನ್ನ ಜೊತೆ ಬಾ, ನಮ್ಮ ಕೆಲಸಕ್ಕೆ ಬಾಯಿ ಬೇಕಾಗಿಲ್ಲ" ಅಂದರು.

ಅಪ್ಪನ ಕೆಲಸ ದೀಪ ಹಿಡಿಯುವುದು. ಬೀದಿಯ ಕೆಳತುದಿಯಲ್ಲಿ ಹೊಳೆ ಇದೆ, ದಡದಲ್ಲಿ ರೇಚಯ್ಯನವರ ಐಸಿನ ಕೋಣೆ ಇದೆ. ನಸುಕಿನಲ್ಲಿ ಮೀನಿನ ದೋಣಿಗಳು ಹೊರಡುವ ಮೊದಲು ಅಲ್ಲಿ ಐಸ್ ಇರಬೇಕು. ಐಸ್ ಬರುವುದು ದೂರದ ಊರಿನಿಂದ. ಬಿಸಿಲಿಗೆ ಕರಗುತ್ತದೆ ಎಂದು ಹೊತ್ತು ಮುಳುಗಿದ ಮೇಲೇ ಅದನ್ನು ಟ್ರೇಲರಿಗೆ ತುಂಬುವುದು. ಭತ್ತದ ಹೊಟ್ಟು ಹಾಕಿ, ಗೋಣಿ ಹೊದಿಸಿ ಟ್ರ್ಯಾಕ್ಟರ್ ಇಲ್ಲಿಗೆ ಬಂದು ತಲುಪುವಾಗ ಬೀದಿ ಕೂಡಿ ಆಗಿರುತ್ತದೆ. ಕೋಣೆಯ ಮುಂದೆ ತಿರುಗಿಸಲು ಜಾಗವಿಲ್ಲ. ಆದ್ದರಿಂದ ಬೀದಿಯ ಮೇಲ್ತುದಿಯ ಕಟ್ಟೆಯ ಹತ್ತಿರವೇ ತಿರುಗಿಸಿಕೊಂಡು, ಟ್ರೇಲರನ್ನು ಮುಂದೆ ಮಾಡಿ ಐವತ್ತೆರಡು ಮನೆಗಳ ಉದ್ದಕ್ಕೂ ಹಿಂದಕ್ಕೆ ಹಿಂದಕ್ಕೆ ಇಳಿಸಬೇಕು. ಎರಡೂ ಕಡೆ ಗೋಡೆಗೂ ಚಕ್ರಕ್ಕೂ ನಡುವೆ ಒಂದೊಂದು ಗೇಣು ಜಾಗ. ಹಿಂದಕ್ಕೆ ಹೋಗುವ ಟ್ರೇಲರ್ ಹೇಳಿದ ಮಾತು ಕೇಳುವುದಿಲ್ಲ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಅದರ ಬಾಲ ಬಲಕ್ಕೆ ಹೋಗುತ್ತದೆ. ಸ್ವಲ್ಪ ಹೆಚ್ಚಾದರೆ ಮೊಣಕೈಯ ಹಾಗೆ ಮಡಚಿಕೊಳ್ಳುತ್ತದೆ. ಟ್ರ್ಯಾಕ್ಟರಿನ ದೊಡ್ಡ ದೀಪಗಳೆಲ್ಲ ಮುಂದಕ್ಕೆ, ಬಂದ ದಾರಿಗೆ ಬೆಳಕು ಚೆಲ್ಲುತ್ತ ಇರುತ್ತವೆ. ಹೋಗಬೇಕಾದ ಕಡೆ ಕತ್ತಲು.

ಆ ಕತ್ತಲಲ್ಲಿ ಟ್ರೇಲರಿನ ಹಿಂದೆ ನಾವು. ಕೈಯಲ್ಲಿ ಎರಡು ಮಾರುದ್ದದ ಬಿದಿರ ಕೋಲು, ಅದರ ತುದಿಯ ಕೊಕ್ಕೆಗೆ ಲಾಟೀನು. ಯಾವ ಕಡೆಯ ಚಕ್ರ ಗೋಡೆಗೆ ಹತ್ತಿರವಾಗುತ್ತಿದೆಯೋ ಆ ಕಡೆಯ ಸಂದಿಗೆ ಕೋಲು ಚಾಚಿ, ಲಾಟೀನನ್ನು ಚಕ್ರದ ಪಕ್ಕ ಹಿಡಿಯಬೇಕು. ಡ್ರೈವರ್ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತು ಆ ಬೆಳಕಿನಲ್ಲಿ ಚಕ್ರವನ್ನೂ ಗೋಡೆಯನ್ನೂ ನೋಡಿಕೊಂಡು ಬಿಡುತ್ತಾನೆ. ಮೊದಲ ದಿನ ನಾನು ಲಾಟೀನು ಎತ್ತಿ ಹಿಡಿದಿದ್ದೆ. ಅಪ್ಪ ಕೋಲನ್ನು ಕೆಳಗೆ ಒತ್ತಿ ಹೇಳಿದರು. "ಮುಖದ ಎತ್ತರಕ್ಕೆ ಹಿಡಿದರೆ ಅವನ ಕಣ್ಣು ಕತ್ತಲಾಗುತ್ತೆ ಮಗಳೇ. ಚಕ್ರದ ಎತ್ತರಕ್ಕೆ ಹಿಡಿ. ಅವನು ನಿನ್ನ ನೋಡಬೇಕಾಗಿಲ್ಲ, ಚಕ್ರ ನೋಡಬೇಕು." ಅಪ್ಪ ಹೋದ ಮೇಲೆ ಕೋಲು ನನ್ನ ಕೈಗೆ ಬಂತು. ಮನೆಯಲ್ಲಿ ನಾನೊಬ್ಬಳೇ ಉಳಿದೆ.

ಎರಡು ವರ್ಷದಿಂದ ಟ್ರ್ಯಾಕ್ಟರ್ ತರುತ್ತಿದ್ದವನು ದ್ಯಾವಣ್ಣ. ಐಸಿನ ರಾಶಿಯ ಮರೆಯಲ್ಲಿ ಅವನಿಗೆ ನಾನು ಕಾಣುತ್ತಿರಲಿಲ್ಲ, ಲಾಟೀನು ಮಾತ್ರ ಕಾಣುತ್ತಿತ್ತು. ನನಗೂ ಅವನು ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಅವನು ಸುಮ್ಮನಿರುವ ಪೈಕಿ ಅಲ್ಲ. ಇಂಜಿನ್ನಿನ ಸದ್ದಿನ ಮೇಲೆ ಕೂಗಿಕೊಂಡು, ಕಟ್ಟೆಯಿಂದ ಹೊಳೆಯವರೆಗೂ ಮಾತಾಡುತ್ತಿದ್ದ.

"ಏನ್ ದೀಪದವ್ವ, ಊಟ ಆಯ್ತಾ?"

ನಾನು ಲಾಟೀನನ್ನು ಒಂದು ಬೆರಳಷ್ಟು ಮೇಲೆತ್ತಿ ಇಳಿಸುತ್ತಿದ್ದೆ. ಅಂದರೆ ಹೌದು.

"ಏನ್ ಸಾರು? ಹುರುಳೀದಾ?"

ಲಾಟೀನು ಅತ್ತಿತ್ತ. ಅಂದರೆ ಅಲ್ಲ.

"ಹಂಗಾದ್ರೆ ಬದನೇಕಾಯಿ. ನೋಡ್ದ್ಯಾ! ವಾಸನೆ ಕಟ್ಟೆವರೆಗೂ ಬಂದಿತ್ತು, ಸುಮ್ನೆ ಪರೀಕ್ಷೆ ಮಾಡ್ದೆ."

ಅವನ ಹೆಂಡತಿ ಅವನ ಜೊತೆ ಮಾತು ಬಿಟ್ಟಿದ್ದಳು. ಅವಳ ತಾಯಿಯ ಕಾಲದ ಒರಳುಕಲ್ಲನ್ನು ಇವನು ಅವಳನ್ನು ಕೇಳದೆ ಒಂದು ಮದುವೆಮನೆಗೆ ಎತ್ತಿ ಕೊಟ್ಟಿದ್ದ. ಮದುವೆ ಮುಗಿದ ವಾರಕ್ಕೇ ಆ ಮನೆಯವರು ಸಾಮಾನೆಲ್ಲ ಲಾರಿಗೆ ಹೇರಿಕೊಂಡು ಊರು ಬಿಟ್ಟಿದ್ದರು, ಒರಳೂ ಅದರ ಜೊತೆ ಹೋಗಿತ್ತು. "ಇವತ್ತಿಗೆ ಒಂದು ವರ್ಷ ಎರಡು ತಿಂಗಳು" ಎಂದು ಅವನು ಲೆಕ್ಕ ಹೇಳುತ್ತಿದ್ದ. "ತಟ್ಟೆ ಇಡ್ತಾಳೆ, ನೀರು ಇಡ್ತಾಳೆ, ಮಾತು ಮಾತ್ರ ಇಡಲ್ಲ. ಮನೇಲಿ ಅವಳು ಮಾತಾಡಲ್ಲ, ಇಲ್ಲಿ ನೀನು ಮಾತಾಡಲ್ಲ. ನನ್ನ ಹಣೆ ಬರೆದವನು ಹೆಂಗಸರ ದನಿ ಬರೆಯೋದೇ ಮರ್ತಿದಾನೆ." ಐಸು ತರಲು ಹೋದ ಊರಿನಲ್ಲೆಲ್ಲ ಅವನು ಆ ಒರಳು ಹುಡುಕುತ್ತಿದ್ದ. ಎಲ್ಲೆಲ್ಲಿ ಹುಡುಕಿದೆ, ಯಾರ ಹಿತ್ತಲಲ್ಲಿ ಇಣುಕಿ ಬೈಸಿಕೊಂಡೆ ಎಂದು ದಿನಾ ಹೇಳುತ್ತಿದ್ದ. ನಾನು ಗೋಣಿಯ ಕೆಳಗಿನಿಂದ ಸೋರುವ ತಣ್ಣೀರಿನಲ್ಲಿ ಬರಿಗಾಲಿಟ್ಟು ಹಿಂದಕ್ಕೆ ನಡೆಯುತ್ತ ಕೇಳುತ್ತಿದ್ದೆ. ಒರಳು ಸಿಗಲಿ ಅಂತ ಅನಿಸುತ್ತಿತ್ತು. ಬೇಗ ಸಿಗದಿರಲಿ ಅಂತಲೂ ಅನಿಸುತ್ತಿತ್ತು.

ಹಗಲು ಹೊತ್ತು ನನಗೆ ಬೀದಿ ತುಂಬ ಅಗಲ. ಎದುರಿನ ಜಗಲಿಯಲ್ಲಿ ಹೆಂಗಸರು ಕೂತು ನಗುತ್ತಾರೆ. ಅಷ್ಟು ದೂರ ನಡೆದು ಹೋಗಿ ಅವರ ನಡುವೆ ಕೂರಲು ನನಗೆ ಕಾಲು ಬರುವುದಿಲ್ಲ. ಅವರು ನನ್ನನ್ನು ಬಾಯಿಲ್ಲದ ದೀಪ ಅನ್ನುತ್ತಾರೆ, ಕೆಟ್ಟದ್ದಕ್ಕೇನೂ ಅಲ್ಲ. ರಾತ್ರಿ ಗಂಗಜ್ಜಿಯ ಕಿಟಕಿ ಹತ್ತಿರ ಬಂದ ಮೇಲೆ ಅವಳ ಜೊತೆ ನಾಲ್ಕು ಮಾತು ಆಡುತ್ತೇನೆ. ಅವಳಿಗೆ ಕಣ್ಣು ಕಾಣುವುದಿಲ್ಲ, ಅದಕ್ಕೇ ನನಗೆ ಅವಳ ಮುಂದೆ ಸಂಕೋಚವಿಲ್ಲವೇನೋ. ಕೋಲಿನ ಕೊಕ್ಕೆಗೆ ಸಾರಿನ ಗಿಂಡಿ ಸಿಕ್ಕಿಸಿ ಅವಳ ಕಿಟಕಿಗೆ ಚಾಚುತ್ತೇನೆ. ಅವಳು ಒಂದು ಕೈಯನ್ನು ಸದಾ ಕಿಟಕಿಯ ಹೊರಗೆ ಇಟ್ಟುಕೊಂಡು, ಬೀದಿ ಎಷ್ಟು ಕೂಡಿದೆ ಎಂದು ಗಾಳಿಯಲ್ಲೇ ಹೇಳುತ್ತಾಳೆ. ಅದು ಬಿಟ್ಟರೆ ನನಗಿದ್ದದ್ದು ಟ್ರೇಲರಿನ ಹಿಂದಿನ ಆ ಐವತ್ತೆರಡು ಮನೆಗಳ ದೂರ. ಅಷ್ಟು ಹೊತ್ತು ಒಬ್ಬ ಮನುಷ್ಯನಿಗೆ ನಾನು ಬೇಕಾಗಿದ್ದೆ.

ಒಂದು ರಾತ್ರಿ ದ್ಯಾವಣ್ಣ ಕಟ್ಟೆಯ ಹತ್ತಿರದಿಂದಲೇ ಏನೇನೋ ಹಾಡಿಕೊಳ್ಳುತ್ತ ಬಂದ. ಕೊನೆಗೆ, ಐಸಿನ ಕೋಣೆ ಹತ್ತಿರವಾದಾಗ ಬಾಯಿಬಿಟ್ಟ. "ಸಿಕ್ತು ಕಣವ್ವ! ಒರಳು ಎಲ್ಲಿದೆ ಅಂತ ಗೊತ್ತಾಯ್ತು. ಎಲ್ಲಿ ಅಂತ ಹೇಳಿದ್ರೆ ನೀ ನಂಬಲ್ಲ—" ಅನ್ನುವಷ್ಟರಲ್ಲಿ ಟ್ರೇಲರಿನ ಹಿಂಹಲಗೆ ಕೋಣೆಯ ಗೋಡೆಗೆ ಕಟ್ಟಿದ ಹಳೆ ಟೈರಿಗೆ ತಾಗಿತು. ಐಸು ಇಳಿಸುವವರು ಬಂದರು. "ಉಳಿದದ್ದು ನಾಳೆ" ಎಂದು ಕೂಗಿದ. ನಾನು ಲಾಟೀನು ಒಂದು ಬೆರಳು ಎತ್ತಿದೆ.

ಮರುದಿನ ಮಧ್ಯಾಹ್ನ ರೇಚಯ್ಯನವರು ನಮ್ಮ ಜಗಲಿಗೆ ಬಂದು ನಿಂತರು. ಕೈಯಲ್ಲಿ ತಪ್ಪಲೆಯ ಗಾತ್ರದ ದೀಪ, ಮುಂದೆ ದಪ್ಪ ಗಾಜು. "ನೋಡಮ್ಮ ಹೊನ್ನಿ, ಇದನ್ನ ಟ್ರೇಲರ್ ಹಿಂದೆ ಕೂರಿಸ್ತಾ ಇದೀನಿ. ಬ್ಯಾಟರಿ ಮೇಲೆ ಉರಿಯುತ್ತೆ, ಹೊಳೆ ಆಚೆ ದಡದವರೆಗೂ ಬೆಳಕು. ಈ ಕಾಲದಲ್ಲಿ ಲಾಟೀನು ಹಿಡಿಯೋಕೆ ಒಂದು ಆಳು ಅಂದ್ರೆ ನೋಡಿದವರು ನಗ್ತಾರೆ. ನಿಮ್ಮಪ್ಪನ ಮುಖ ನೋಡ್ಕೊಂಡು ಇಷ್ಟು ದಿನ ಸುಮ್ನಿದ್ದೆ. ನೀನಿನ್ನು ರಾತ್ರಿ ಆರಾಮಾಗಿ ಮಲಕ್ಕೋ." ಹಗಲು ಹೊಟ್ಟು ಜರಡಿ ಹಿಡಿಯುವ ಕೆಲಸ ಇದ್ದೇ ಇದೆ, ಅದಕ್ಕೆ ಬಾ ಅಂದರು. ನಾನು ಏನೂ ಹೇಳಲಿಲ್ಲ. ಅವರಿಗೆ ಅದು ಒಪ್ಪಿಗೆಯಂತೆ ಕಂಡಿರಬೇಕು.

ಆ ರಾತ್ರಿ ಕಿಟಕಿಯಲ್ಲಿ ಕೂತು ನೋಡಿದೆ. ಬೆಳಕು ಬೀದಿಯ ಉದ್ದಕ್ಕೂ ನುಗ್ಗಿತು. ಮಲಗಿದ್ದ ಮಕ್ಕಳು ಎದ್ದು ಅತ್ತವು, ಕೋಳಿಗಳು ಬೆಳಗಾಯಿತೆಂದು ಕೂಗಿದವು. ಟ್ರೇಲರ್ ಬಂತು, ಬಳೆಗಾರರ ಎಡಮೂಲೆಗೆ ಉಜ್ಜಿತು, ಮಡಚಿಕೊಂಡಿತು, ಮತ್ತೆ ಮುಂದಕ್ಕೆ ಹೋಗಿ ನೇರ ಮಾಡಿಕೊಂಡು ಬಂತು. ದ್ಯಾವಣ್ಣ ಎಡಕ್ಕೂ ಬಲಕ್ಕೂ ಬಾಗಿ ನೋಡುತ್ತಿದ್ದ. ಅವನಿಗೆ ಬೇಡದ ಬೀದಿಯೆಲ್ಲ ಕಾಣುತ್ತಿತ್ತು, ಬೇಕಾದ ಎರಡು ಗೇಣು ಕಾಣುತ್ತಿರಲಿಲ್ಲ. ಹಿಂದೆ ಅಷ್ಟು ಬೆಳಕಿದ್ದರಿಂದಲೇ ಚಕ್ರದ ಹತ್ತಿರದ ಕತ್ತಲು ಇನ್ನೂ ದಪ್ಪವಾಗಿತ್ತು. ಅವನು ಮಾತಾಡಲಿಲ್ಲ, ಹಲ್ಲು ಕಚ್ಚಿಕೊಂಡು ಬೈದುಕೊಳ್ಳುತ್ತಿದ್ದ. ಐಸು ತಲುಪುವ ಹೊತ್ತಿಗೆ ಬೀದಿಯಲ್ಲಿ ಕಾಲುವೆಯಂತೆ ನೀರು ಹರಿಯಿತು. ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಟ್ಟರೆ ಈ ಕಥೆ ಹೇಳಿ ಪ್ರಯೋಜನವಿಲ್ಲ.

ಏನು ತಪ್ಪಾಗಿದೆ ಎಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಒಂದು ದೊಡ್ಡ ದೀಪ ಬೇಡ, ಎರಡು ಸಣ್ಣವು ಸಾಕು. ಹಿಂದೆ ಬೇಡ, ಟ್ರೇಲರಿನ ಹಲಗೆಯ ಕೆಳಗೆ, ಚಕ್ರಕ್ಕಿಂತ ಒಂದು ಮೊಳ ಮುಂದೆ, ಎರಡೂ ಕಡೆ ಒಂದೊಂದು. ಮೇಲೆ ತಗಡಿನ ಮುಚ್ಚಳ ಹಾಕಿದರೆ ಬೆಳಕು ಡ್ರೈವರಿನ ಕಣ್ಣಿಗೆ ಹೊಡೆಯುವುದಿಲ್ಲ, ಚಕ್ರಕ್ಕೂ ಗೋಡೆಯ ಬುಡಕ್ಕೂ ಮಾತ್ರ ಬೀಳುತ್ತದೆ. ನನ್ನ ಲಾಟೀನು ಒಂದು ಸಲಕ್ಕೆ ಒಂದೇ ಚಕ್ರ ತೋರಿಸುತ್ತಿತ್ತು. ಇದು ಎರಡನ್ನೂ ತೋರಿಸುತ್ತದೆ, ಕೈ ನೋಯುವುದಿಲ್ಲ, ಮಳೆಗೆ ಆರುವುದಿಲ್ಲ. ನನಗಿಂತ ಒಳ್ಳೆಯ ದೀಪ.

ಗಂಗಜ್ಜಿಗೆ ಇದನ್ನು ಹೇಳಿದೆ. "ಮತ್ತೆ ಹೋಗಿ ಹೇಳೇ ಆ ರೇಚನಿಗೆ" ಅಂದಳು.

"ಹೇಳಿದ್ರೆ ನನ್ನ ಕೆಲಸ ಹೋಗುತ್ತೆ ಅಜ್ಜಿ."

"ಹೋಗಿ ಆಯ್ತಲ್ಲ?"

"ಇಲ್ಲ. ಇನ್ನೆರಡು ದಿನ ಹಿಂಗೇ ಗೋಡೆ ಗೀಚಿದ್ರೆ ಅವರೇ ವಾಪಸ್ ಕರೀತಾರೆ."

ಗಂಗಜ್ಜಿ ಕತ್ತಲಲ್ಲಿ ನಕ್ಕಳು. "ಬಾಯಿಲ್ಲದವಳು ಅಂತಾರೆ ನಿನ್ನ. ಬಾಯಿಲ್ಲ ಅಷ್ಟೇ, ಹೊಟ್ಟೇಲಿ ಒಂದು ಊರೇ ಇಟ್ಕೊಂಡಿದೀಯ."

ಎರಡನೇ ರಾತ್ರಿ ನಾಲ್ಕು ಮನೆಗಳ ಸುಣ್ಣ ಕಿತ್ತುಹೋಯಿತು. ಮೂರನೇ ರಾತ್ರಿ ಟ್ರೇಲರ್ ನಮ್ಮ ಮನೆಯ ಹತ್ತಿರ ಬರುವಾಗಲೇ ವಾಲಿಕೊಂಡಿತ್ತು. ಗಂಗಜ್ಜಿಯ ಮನೆ ಚಳಿಗೆ ಅರ್ಧ ಗೇಣು ಮುಂದೆ ಬಂದಿತ್ತು. ಲಾಟೀನು ನನ್ನ ಕೈಯಲ್ಲಿದ್ದಿದ್ದರೆ ಅಲ್ಲಿಗೆ ಹತ್ತು ಹೆಜ್ಜೆ ಮೊದಲೇ ಬಲಕ್ಕೆ ಚಾಚಿರುತ್ತಿದ್ದೆ. ಹಲಗೆ ಕಿಟಕಿಯ ಕಂಬಿಗೆ ಸವರಿಕೊಂಡು ಹೋಯಿತು, ಅಜ್ಜಿಯ ಕೈ ಕಿಟಕಿಯಲ್ಲೇ ಇತ್ತು. ಅವಳು ಕೂಗಿದ್ದು ಒಂದೇ ಸಲ.

ಜನ ಹಿತ್ತಿಲ ಬಾಗಿಲುಗಳಿಂದ ಓಡಿಬಂದರು. ಮೂರು ಬೆರಳ ಚರ್ಮ ಸುಲಿದು ಗೆಣ್ಣು ಊದಿತ್ತು. ದ್ಯಾವಣ್ಣ ಸೀಟಿನಿಂದ ಇಳಿಯಲು ಜಾಗವಿಲ್ಲದೆ ಅಲ್ಲಿಂದಲೇ "ಅಜ್ಜಿ, ಅಜ್ಜಿ" ಅನ್ನುತ್ತಿದ್ದ. ರೇಚಯ್ಯನವರು ಬಂದು ಎಲ್ಲರ ಮುಂದೆ ಹೇಳಿದರು. "ಹಗಲಿನಂಥ ಬೆಳಕು ಕೊಟ್ಟಿದೀನಿ, ಇನ್ನೇನು ಸೂರ್ಯನ್ನೇ ಕಟ್ಟಬೇಕಾ ನಿನಗೆ? ನಾಳೆ ಯಾರ ಗೋಡೆಗಾದ್ರೂ ಒಂದು ಗೀಟು ಬಿದ್ರೆ ಬೇರೆ ಡ್ರೈವರ್ ನೋಡ್ಕೋತೀನಿ." ನಾನು ಅರಿಶಿನ ಕಲಸಿ ಅಜ್ಜಿಯ ಬೆರಳಿಗೆ ಬಟ್ಟೆ ಸುತ್ತಿದೆ. ಎಲ್ಲರೂ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು. "ಎರಡು ದಿನ ಅಂದಿದ್ದೆ. ಆಯ್ತಲ್ಲ ಮಗಾ?" ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾಲ್ಕನೇ ರಾತ್ರಿ ಟ್ರೇಲರ್ ಅಜ್ಜಿಯ ಕಿಟಕಿಯನ್ನು ಇಂಚು ಇಂಚಾಗಿ ದಾಟಿತು. ದ್ಯಾವಣ್ಣನ ಸೀಟು ಸರಿಯಾಗಿ ನನ್ನ ಕಿಟಕಿಯ ಎದುರಿಗೆ ಬಂದಾಗ ಅವನು ನಿಲ್ಲಿಸಿಬಿಟ್ಟ. ಇಂಜಿನ್ ಆರಿಸಿದ. ಕೈ ಚಾಚಿದರೆ ಅವನ ತೋಳು ಸಿಗುತ್ತಿತ್ತು. ನಮ್ಮ ಮನೆಯೊಳಗೆ ದೀಪ ಇರಲಿಲ್ಲ, ಅವನಿಗೆ ಯಾರೂ ಕಾಣುತ್ತಿರಲಿಲ್ಲ.

"ದೀಪದವ್ವ, ನಿನ್ನ ಮನೆ ಇಲ್ಲೇ ಎಲ್ಲೋ ಅಂತಾರೆ" ಎಂದು ಕತ್ತಲಿಗೆ ಹೇಳಿದ. "ಕೇಳಿಸ್ತಾ ಇದ್ರೆ ಒಂದ್ಸಲ ಲಾಟೀನು ತಗೊಂಡು ಬಾರವ್ವ. ಮುಂದೆ ಹೋಗೋಕೆ ಕೈ ಬರ್ತಾ ಇಲ್ಲ. ರೇಚಯ್ಯನಿಗೆ ಹೇಳಲ್ಲ."

ನಾನು ಬಯಸಿದ್ದು ಇದೇ. ಕೋಲು ಎತ್ತಿಕೊಂಡು ಹೊರಟರೆ ಸಾಕಿತ್ತು, ನಾಳೆಯೂ ಕರೆಯುತ್ತಿದ್ದ, ಆಮೇಲೂ. ಎದುರಿನ ಕಿಟಕಿಯಲ್ಲಿ ಅಜ್ಜಿಯ ಕೈ ಇರಲಿಲ್ಲ. ಬೀದಿ ಕೂಡಿದ ಮೇಲೆ ಆ ಕಿಟಕಿಯನ್ನು ಖಾಲಿ ನೋಡಿದ್ದು ಅದೇ ಮೊದಲು.

"ದ್ಯಾವಣ್ಣ" ಅಂದೆ. ದನಿ ತುಕ್ಕು ಹಿಡಿದ ಬಾಗಿಲಿನ ಹಾಗೆ ಬಂತು.

ಅವನು ಬೆಚ್ಚಿದ. "ಯಾರದು?"

"ದೀಪ."

"ಮಾತು ಬರುತ್ತಾ ನಿನಗೆ!"

"ಬರುತ್ತೆ. ಆ ದೊಡ್ಡ ಲೈಟು ಬಿಚ್ಚಿಸು. ಸಣ್ಣವು ಎರಡು ತಗೋ." ನಿಲ್ಲಿಸಿದರೆ ಮತ್ತೆ ಶುರುಮಾಡಲಾರೆ ಎಂದು ಗೊತ್ತಿತ್ತು, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಎಲ್ಲಿ ಕೂರಿಸಬೇಕು, ಎಷ್ಟು ಮುಂದೆ, ಎಷ್ಟು ಕೆಳಗೆ, ಮುಚ್ಚಳವನ್ನು ಎಣ್ಣೆ ಡಬ್ಬದ ತಗಡಿನಿಂದ ಹೇಗೆ ಕತ್ತರಿಸಬೇಕು. ಬೀದಿಯ ಯಾವ ಮನೆ ಎಷ್ಟು ಬರುತ್ತದೆ ಅನ್ನುವುದನ್ನೂ ಹೇಳಿದೆ. ಅದು ಅಪ್ಪ ನನಗೆ ಮಾತ್ರ ಹೇಳಿದ್ದು. "ಬೇರೆ ಯಾವ ಕಡೆಗೂ ನೋಡ್ಬೇಡ. ಚಕ್ರ ನೋಡು."

"ಹಂಗೆ ಮಾಡಿದ್ರೆ ನೀನು ಬರೋದೇ ಬೇಡವಲ್ಲವ್ವ" ಅಂದ.

"ಬೇಡ."

"ಮೊದಲ ದಿನವೇ ಗೊತ್ತಿತ್ತಾ ಇದು?"

ಕೈಯಲ್ಲಿ ಲಾಟೀನು ಇದ್ದಿದ್ದರೆ ಅಲ್ಲಾಡಿಸದೆ ಹಿಡಿದು ನಿಲ್ಲಬಹುದಿತ್ತು. "ಗೊತ್ತಿತ್ತು" ಅಂದೆ.

ಅವನು ಇಂಜಿನ್ ಶುರುಮಾಡಿದ. ನಾನು ಲಾಟೀನು ಹಚ್ಚಿಕೊಂಡು ಹಿತ್ತಿಲ ಬಾಗಿಲಿನಿಂದ ಹೋಗಿ, ಮೂರು ಮನೆ ಆಚೆಯ ಸಂದಿಯಲ್ಲಿ ಬೀದಿಗೆ ಇಳಿದೆ. ಅವನು ದೊಡ್ಡ ದೀಪ ಆರಿಸಿದ. ಹೊಳೆಯವರೆಗೂ ಬಲಕ್ಕೆ, ಎಡಕ್ಕೆ, ಬಲಕ್ಕೆ ಕೋಲು ಚಾಚುತ್ತ ಕರೆದುಕೊಂಡು ಹೋದೆ. ಒಂದು ಗೀಟೂ ಬೀಳಲಿಲ್ಲ. ಒರಳಿನ ಕಥೆ ಉಳಿದಿತ್ತು, ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ದಾರಿಯುದ್ದಕ್ಕೂ ಇಂಜಿನ್ನಿನ ಸದ್ದೊಂದೇ. ದನಿಯಿದ್ದವಳು, ಗೊತ್ತಿದ್ದೂ ಸುಮ್ಮನಿದ್ದವಳು ಲಾಟೀನಿನ ಹಿಂದೆ ಇದ್ದಾಳೆ ಎಂದು ತಿಳಿದ ಮೇಲೆ ಅವನಿಗೆ ಮಾತು ಹೊರಡಲಿಲ್ಲವೇನೋ.

ಎರಡು ದಿನ ಬಿಟ್ಟು ಹೊಸ ದೀಪಗಳು ಬಂದವು. ರೇಚಯ್ಯನವರು ತಮ್ಮದೇ ಯೋಚನೆ ಎಂದು ಕಟ್ಟೆಯಲ್ಲಿ ಹೇಳಿಕೊಂಡರಂತೆ. ಆ ರಾತ್ರಿ ಬೀದಿ ಕತ್ತಲಾಗಿಯೇ ಇತ್ತು, ಮಕ್ಕಳು ಏಳಲಿಲ್ಲ. ನೆಲದ ಮೇಲೆ ತಟ್ಟೆಯಗಲದ ಎರಡು ಬೆಳಕುಗಳು ಮಾತ್ರ ಗೋಡೆಯ ಬುಡ ಸವರುತ್ತ, ಒಂದನ್ನೊಂದು ಬಿಡದೆ ಇಳಿದು ಬಂದವು. ನಾನಿರುವಾಗ ಇದರ ಎರಡರಷ್ಟು ಹೊತ್ತು ಹಿಡಿಯುತ್ತಿತ್ತು. ಐಸಿನ ತಂಪು ಮೊದಲು ಕಿಟಕಿಯೊಳಗೆ ಬಂತು. ಆಮೇಲೆ ಗೋಣಿಯ ರಾಶಿ ದಾಟಿತು, ಕೊಂಡಿ ದಾಟಿತು, ಆಮೇಲೆ ಅವನು.

ಅವನ ಮುಖವನ್ನು ನಾನು ಬೆಳಕಿನಲ್ಲಿ ನೋಡಿದ್ದು ಆಗಲೇ ಮೊದಲು. ಕೆಳಗಿನಿಂದ ಗೋಡೆಗೆ ಬಿದ್ದು ತಿರುಗಿದ ಬೆಳಕು. ನಾನಂದುಕೊಂಡದ್ದಕ್ಕಿಂತ ವಯಸ್ಸಾಗಿತ್ತು, ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಅವನ ಕಣ್ಣು ಚಕ್ರ ಬಿಟ್ಟು ಅಲುಗಲಿಲ್ಲ. ನನ್ನ ಕಿಟಕಿ ಅವನ ಭುಜಕ್ಕೆ ತಾಗುವಷ್ಟು ಹತ್ತಿರವಿತ್ತು. ಆ ಕಡೆ ನೋಡಲಿಲ್ಲ, ನೋಡಬೇಡ ಎಂದು ಹೇಳಿದವಳು ನಾನೇ. ಆದರೆ ಅವನು ಮಾತಾಡುತ್ತಿದ್ದ. ಕೆಳಗಿನ ಆ ಎರಡು ದೀಪಗಳಿಗೆ, ಮೊದಲಿನ ಹಾಗೇ, ಇಂಜಿನ್ನಿನ ಮೇಲೆ ಕೂಗಿಕೊಂಡು.

"—ಇಬ್ಬರು ಹಿಡಿದು ಅಡುಗೆಮನೇಲಿ ಇಳಿಸಿದ್ವಿ. ಕಲ್ಲನ್ನ ಮುಟ್ಟಿ ನೋಡಿದ್ಲು, ನನ್ನ ನೋಡಿದ್ಲು. ಒಂದು ವರ್ಷ ಐದು ತಿಂಗಳಾದ ಮೇಲೆ ಬಾಯಿ ಬಿಟ್ಟು ಮೊದಲನೇ ಮಾತು ಏನಂದ್ಲು ಗೊತ್ತಾ—"

ಅಷ್ಟರಲ್ಲಿ ನನ್ನ ಕಿಟಕಿ ಮುಗಿಯಿತು. ಟ್ರ್ಯಾಕ್ಟರಿನ ಮೂತಿ ಬಂತು, ಮುಂದಿನ ದೊಡ್ಡ ದೀಪ ಒಳಗೆಲ್ಲ ಹೊಡೆದು ನನ್ನ ಕಣ್ಣು ಕತ್ತಲಾಯಿತು. ಉಳಿದದ್ದು ಕೇಳಲು ಅವನ ಹಿಂದೆ ಹೋಗಬಹುದಿತ್ತು. ಲಾಟೀನಿಲ್ಲದೆ ಆ ಬೀದಿಯಲ್ಲಿ ನಡೆಯುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಎದುರಿನ ಕಿಟಕಿಯಲ್ಲಿ ಬಟ್ಟೆ ಸುತ್ತಿದ ಕೈ ಹೊರಗೆ ಬಂದಿತ್ತು. "ಏನಂದ್ಲಂತೆ?" ಎಂದು ಗಂಗಜ್ಜಿ ಕೇಳಿದಳು.

"ಗೊತ್ತಾಗಲಿಲ್ಲ ಅಜ್ಜಿ."

ದ್ಯಾವಣ್ಣನ ಹೆಂಡತಿಯ ಆ ಮೊದಲ ಮಾತು ಅವನ ಬಾಯಿಂದ ಪಕ್ಕದ ಮನೆಯ ಹತ್ತಿರ ಹೋಗಿ ಬಿದ್ದಿತ್ತು. ಆ ಮನೆಗೆ ಮೂರು ವರ್ಷದಿಂದ ಬೀಗ. ಅದರ ಎದುರಿನದು ಹುಲ್ಲು ತುಂಬಿಟ್ಟ ಕೊಟ್ಟಿಗೆ.